ಗೋಡೆಗೆ ಮುಖ ಮಾಡಿ ನಿಂತವರು

ಸೆಪ್ಟೆಂಬರ್ ೨, ಸೋಮವಾರ

ಬೀಗಿತಿ ಬಂದಿಳಿದರು. ಎರಡು ಚೀಲ, ಒಂದು ದಿಂಬು, ಸಾಲದ್ದಕ್ಕೆ ಟವಲಿನಲ್ಲಿ ಸುತ್ತಿದ ಒಂದು ಗಂಟು. ಗಂಟನ್ನು ಎಳೆಮಗುವಿನ ಹಾಗೆ ಎದೆಗೆ ಅವಚಿಕೊಂಡಿದ್ದರು. ಗಾಜಿನ ಪಾತ್ರೆ ಏನೋ ಇರಬೇಕೆಂದು ನಾನೇ ಕೈಚಾಚಿ ಇಸಿದುಕೊಂಡೆ. ಬಿಚ್ಚಿ ನೋಡಿದರೆ ಸಂತ! ಮೊಳದುದ್ದದ ಪ್ಲಾಸ್ಟರಿನ ಗೊಂಬೆ, ಕಂದು ನಿಲುವಂಗಿ, ಮೂಗಿನ ತುದಿ ಮುರಿದು ಒಳಗಿನ ಬಿಳಿ ಕಾಣುತ್ತಿದೆ.

“ಬಸುರಿಯರನ್ನ ಕಾಯೋನು ಇವನು. ನಮ್ಮತ್ತೆ ಕಾಲದಿಂದ ಮನೇಲಿದ್ದಾನೆ,” ಅಂದರು.

“ನಮ್ಮ ಮನೇಲಿ ಇಂಥದ್ದನ್ನೆಲ್ಲ ಇಡಲ್ಲ ಕಣ್ರೀ,” ಅಂದೆ. ಮುಖಕ್ಕೇ ಹೇಳಿದೆ. ನಾವು ಪ್ರೊಟೆಸ್ಟೆಂಟರು, ಮಗಳನ್ನು ಕ್ಯಾಥೋಲಿಕ್ ಮನೆಗೆ ಕೊಟ್ಟ ಮಾತ್ರಕ್ಕೆ ಕ್ಯಾಥೋಲಿಕ್ ವಿಗ್ರಹವನ್ನು ನನ್ನ ಮನೆಯೊಳಗೆ ಬಿಟ್ಟುಕೊಳ್ಳಬೇಕೆಂದು ಎಲ್ಲಿಯೂ ಬರೆದಿಲ್ಲ.

ಮಂಚದ ಮೇಲಿಂದ ಮಗಳು, “ಅಮ್ಮಾ, ಇರಲಿ ಬಿಡು,” ಅಂದಳು. ಅಷ್ಟಕ್ಕೇ ಅವಳ ಕೆನ್ನೆ ಕೆಂಪಾಯಿತು. ರಕ್ತದೊತ್ತಡ ಏರಬಾರದು, ಸಿಟ್ಟು ಬರಬಾರದು, ಏಳಬಾರದು, ಎಡಮಗ್ಗುಲಲ್ಲೇ ಮಲಗಿರಬೇಕು ಎಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಎರಡು ಸಲ ಬಸಿರು ಕೈಗೆ ಬಂದು ಜಾರಿಹೋಗಿದೆ. ಇದು ಮೂರನೆಯದು. ಇವತ್ತಿಗೆ ಮೂವತ್ತು ವಾರ. ಮೂವತ್ತನಾಲ್ಕು ದಾಟಿಸಿದರೆ ಭಯವಿಲ್ಲವಂತೆ. ಊರಿಗೆಲ್ಲ ಲಿಫ್ಟ್ ರಿಪೇರಿ ಮಾಡುವ ನನ್ನ ಅಳಿಯನ ಮನೆ ನಾಲ್ಕನೇ ಮಹಡಿಯಲ್ಲಿದೆ, ಲಿಫ್ಟಿಲ್ಲ. ಅದಕ್ಕೇ ಮಗಳು ಇಲ್ಲಿ, ಅವಳ ಹಿಂದೆ ಅತ್ತೆ, ಅತ್ತೆಯ ಹಿಂದೆ ಈ ಮೂಗುಮುರುಕ.

ಮಗಳ ಕೋಣೆಯ ಕಿಟಕಿಯಲ್ಲಿ, ಪರದೆಯ ಹಿಂದೆ ಇಟ್ಟುಕೊಳ್ಳಲಿ ಎಂದು ಒಪ್ಪಂದವಾಯಿತು. ನಮ್ಮ ಯಜಮಾನರು ಇದ್ದಿದ್ದರೆ ಹೊಸಿಲು ದಾಟಿಸುತ್ತಿರಲಿಲ್ಲ.

ಸೆಪ್ಟೆಂಬರ್ ೪, ಬುಧವಾರ

ಇವರ ಪ್ರಸಂಗದ ನೋಟುಬುಕ್ಕುಗಳು ಒಟ್ಟು ನಾಲ್ಕು. ಮೂವತ್ತು ವರ್ಷ ಉಪದೇಶಿಯಾಗಿ ಚರ್ಚಿನಲ್ಲಿ ಸಭೆಯ ಮುಂದೆ ನಿಂತು ಮಾತಾಡಿದ್ದೆಲ್ಲ ಅದರಲ್ಲಿದೆ. ಇಪ್ಪತ್ತೆರಡನೇ ತಾರೀಕು ಇವರು ಹೋಗಿ ಮೂರು ವರ್ಷವಾಗುತ್ತದೆ. ಅಂದು ಸಭೆಯಲ್ಲಿ ಓದುವುದಕ್ಕೆ ನಾಲ್ಕನ್ನೂ ಸೇರಿಸಿ ಒಂದೇ ಪುಸ್ತಕವಾಗಿ ಕಟ್ಟಿಕೊಡು ಎಂದು ಸಭೆಯ ಹಿರಿಯರು ಹೇಳಿದ್ದಾರೆ. ಊರವರ ಪುಸ್ತಕಗಳಿಗೆಲ್ಲ ರಟ್ಟು ಕಟ್ಟುವವಳು ನಾನು, ಗಂಡನ ಪುಸ್ತಕಕ್ಕೆ ಇಷ್ಟು ದಿನ ಕೈ ಹಾಕಿರಲಿಲ್ಲ.

ಕೆಲಸದ ಕೋಣೆಗೆ ಬಿಸಿಲು ಅನ್ನುವುದೇ ಇಲ್ಲ. ಒಂದೇ ಕಿಟಕಿ, ಅದೂ ಪಕ್ಕದ ಮನೆಯ ಗೋಡೆಗೆ ಮುಖ ಮಾಡಿದೆ. ಅಂಟು ಒಣಗಲು ಒಂದು ದಿನ ಪೂರ್ತಿ ಬೇಕು. ಬೇಗ ಶುರುಮಾಡದಿದ್ದರೆ ಮುಗಿಯುವುದಿಲ್ಲ.

ಹೊಲಿಯುವಾಗ ಸಂತರ ಬಗ್ಗೆ ಮಾಡಿದ ಪ್ರಸಂಗ ಸಿಕ್ಕಿತು. ದಬ್ಬಣ ಕೆಳಗಿಟ್ಟು ಓದಿದೆ. ದೇವರಿಗೂ ನಮಗೂ ನಡುವೆ ನಿಲ್ಲಲು ಕ್ರಿಸ್ತನೊಬ್ಬನೇ ಸಾಕು, ದಲ್ಲಾಳಿಗಳು ಬೇಡ ಎಂದು ಬರೆದಿದ್ದಾರೆ. “ಸತ್ತ ಭಕ್ತರು ವಿಶ್ರಾಂತಿಯಲ್ಲಿದ್ದಾರೆ. ಅವರ ಕಿವಿಗೆ ನಿಮ್ಮ ಕೂಗು ಮುಟ್ಟುವುದಿಲ್ಲ. ಕೇಳಿಸಿಕೊಳ್ಳುವವನು ಬಾಗಿಲು ತೆರೆದು ಕೂತಿರುವಾಗ, ಕೇಳಿಸದವರ ಬಾಗಿಲು ಬಡಿಯುವುದೇಕೆ?” ಕೊನೆಯ ಸಾಲಿನ ಕೆಳಗೆ ಎರಡು ಗೆರೆ. ಅಲ್ಲಿಗೆ ಬಂದಾಗ ಮೇಜು ಕುಟ್ಟುತ್ತಿದ್ದರು, ನೆನಪಿದೆ. ಬೀಗಿತಿಗೆ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಓದಿದೆ. ಅವರು ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದರು.

ಈ ಕೋಣೆಯ ಗೋಡೆಯಲ್ಲಿರುವ ಇವರ ಫೋಟೋ ಒರೆಸಿ, ಮಗಳಿಗೆ ಇವತ್ತು ಊಟ ಸೇರಿತು ಎಂದು ಇವರಿಗೆ ಹೇಳಿ, ದೀಪ ಹಾಕಿ ಕೆಲಸಕ್ಕೆ ಕೂತೆ. ದಿನಾ ಮಾಡುವುದೇ. ಅದು ಮಾತಲ್ಲ, ಅಭ್ಯಾಸ.

ಸೆಪ್ಟೆಂಬರ್ ೮, ಭಾನುವಾರ

ಸಭೆಯಲ್ಲಿ ಎದ್ದು ನಿಂತು, ಮಗಳಿಗಾಗಿ ಎಲ್ಲರೂ ಪ್ರಾರ್ಥಿಸಿ ಎಂದು ಕೇಳಿಕೊಂಡೆ. ಮನೆಗೆ ಬಂದರೆ ಬೀಗಿತಿ ಮೂಗುಮುರುಕನ ಮುಂದೆ ಮೇಣದ ಬತ್ತಿ ಹಚ್ಚಿ ಕೂತಿದ್ದಾರೆ. ಒಂಬತ್ತು ದಿನದ ಪ್ರಾರ್ಥನೆಯಂತೆ, ಇವತ್ತು ಮೊದಲ ದಿನವಂತೆ.

ಮಗಳು ನಿದ್ದೆ ಹೋಗಿದ್ದಳು. ಬೀಗಿತಿಯನ್ನು ಅಡುಗೆಮನೆಗೆ ಕರೆದು, ತಡೆಯಲಾರದೆ ಕೇಳಿಯೇಬಿಟ್ಟೆ. “ಅಲ್ಲಾ ರೀ, ನೇರವಾಗಿ ದೇವರನ್ನ ಕೇಳೋದು ಬಿಟ್ಟು ಈ ಗೊಂಬೆ ಮುಂದೆ ಯಾಕೆ ಗೋಗರೀತೀರಿ?”

“ಗೊಂಬೇನ ಯಾರು ಕೇಳ್ತಾರೆ ಅಕ್ಕಾ? ಅವನನ್ನ ಕೇಳೋದು. ನಮ್ಮ ಪರವಾಗಿ ಒಂದು ಮಾತು ಹೇಳಪ್ಪಾ ಅಂತ. ನೀವು ಬೆಳಿಗ್ಗೆ ನಿಮ್ಮ ಸಭೆಯವರನ್ನ ಕೇಳ್ಕೊಂಡ್ರಲ್ಲ, ಅದೇ ತಾನೆ ಇದೂ?”

“ನಮ್ಮ ಸಭೆಯವರು ಬದುಕಿದ್ದಾರೆ!”

“ಇವನೇನು ಇಲ್ದೇ ಹೋದ್ನಾ? ದೇವರ ಹತ್ರ ಇದ್ದಾನೆ.” ಬೀಗಿತಿ ಒಲೆ ಸಣ್ಣ ಮಾಡಿ ನನ್ನ ಕಡೆ ತಿರುಗಿದರು. “ನಿಮ್ಮ ಯಜಮಾನ್ರು ಎಲ್ಲಿದ್ದಾರೆ ಹಾಗಾದ್ರೆ?”

“ಕರ್ತನ ಹತ್ರ,” ಅಂದೆ.

“ಅಲ್ಲಿ ಕಿವಿ ಕೇಳಿಸಲ್ವಾ?”

ಹಾಲು ಉಕ್ಕುತ್ತಿತ್ತು, ಆ ಕಡೆ ನೋಡಿದೆ. ನೋಟುಬುಕ್ಕಿನಲ್ಲಿ ಇದಕ್ಕೆ ಉತ್ತರ ಇದ್ದೇ ಇದೆ. ಅವರೇ ಮುಂದುವರಿದು, “ದೊಡ್ಡೋರ ಮುಂದೆ ನಿಂತ್ರೆ ನಂಗೆ ಮಾತೇ ಹೊರಡಲ್ಲ ಅಕ್ಕಾ. ಮೈಯೆಲ್ಲ ತಪ್ಪು ತುಂಬ್ಕೊಂಡು ಹೇಗೆ ನಿಲ್ಲೋದು? ಇವನಾದ್ರೆ ಮನೆಯವನು,” ಅಂದರು. ಮೂವತ್ತು ವರ್ಷ ಶಾಲೆಯ ಹಾಸ್ಟೆಲಿನಲ್ಲಿ ನೂರಾರು ಮಕ್ಕಳನ್ನು ಗದರಿಸಿಕೊಂಡು ಅಡುಗೆ ಮಾಡಿದ ಹೆಂಗಸು. ಅವರಿಗೆ ಮಾತು ಹೊರಡುವುದಿಲ್ಲವಂತೆ!

ಸೆಪ್ಟೆಂಬರ್ ೧೦, ಮಂಗಳವಾರ

ಒತ್ತಡ ನೂರ ಐವತ್ತು. ನಿನ್ನೆ ನೂರ ನಲವತ್ತನಾಲ್ಕು ಇತ್ತು. ಮಗಳ ಕಾಲು ಊದಿದೆ, ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ.

ಊಟವಾದ ಮೇಲೆ ಮಗು ಎಷ್ಟು ಸಲ ಒದೆಯಿತು ಎಂದು ಎಣಿಸಬೇಕು. ಎರಡು ಗಂಟೆಯಲ್ಲಿ ಹತ್ತು ಆಗಬೇಕು. ನಾನು ಮತ್ತು ಬೀಗಿತಿ ಸರದಿಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಕೂರುತ್ತೇವೆ. ನಾನು ರಟ್ಟಿನ ತುಂಡಿನ ಮೇಲೆ ಗೆರೆ ಹಾಕುತ್ತೇನೆ, ಅವರು ಜಪಸರದ ಮಣಿ ಸರಿಸುತ್ತಾರೆ. ಇವತ್ತು ಹತ್ತನೆಯದಕ್ಕೆ ಕಾದು ಕಾದು ನನ್ನ ಕೈ ಬೆವೆತುಹೋಯಿತು. ಕೊನೆಗೆ ಒದೆಯಿತು. ಇಬ್ಬರೂ ಒಟ್ಟಿಗೇ “ಹ್ಞಾ!” ಅಂದೆವು. ಮಗಳು ನಕ್ಕಳು.

ಸೆಪ್ಟೆಂಬರ್ ೧೨, ಗುರುವಾರ

ಇದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಸಭೆಯ ಹೆಂಗಸರು ಪ್ರಾರ್ಥನೆಗೆ ನಮ್ಮ ಮನೆಗೆ ಬರುವ ದಿನ. ಜೊತೆಗೆ ಹಿರಿಯರೂ ಬರುತ್ತಾರೆಂದು ಗೊತ್ತಾಯಿತು. ಮಾತಿಗೊಮ್ಮೆ ಗಡಿಯಾರ ನೋಡುತ್ತಾರೆಂದು ಇವರು ಅವರಿಗೆ ಗಡಿಯಾರ ಎಂದೇ ಹೆಸರಿಟ್ಟಿದ್ದರು. ಮಗಳು ಮಲಗಿದ್ದಳು, ಬೀಗಿತಿ ಸ್ನಾನಕ್ಕೆ ಹೋಗಿದ್ದರು. ಮೂಗುಮುರುಕನನ್ನು ಎತ್ತಿ, ಪುಸ್ತಕಕ್ಕೆ ಹೊದಿಸುವ ಬಟ್ಟೆಯಲ್ಲಿ ಸುತ್ತಿ, ಕೆಲಸದ ಕೋಣೆಯ ಬೀರುವಿನಲ್ಲಿ ರಟ್ಟುಗಳ ಹಿಂದೆ ತಳ್ಳಿದೆ. ಸುತ್ತುವಾಗ ನೋಡಿದೆ, ಅವನ ಪಾದದ ಬಣ್ಣ ಪೂರ್ತಿ ಸವೆದುಹೋಗಿದೆ. ಮೂರು ತಲೆಮಾರು ಮುಟ್ಟಿ ಮುಟ್ಟಿ ಹೀಗಾಗಿದೆ. ಇವರ ಫೋಟೋದ ಚೌಕಟ್ಟಿನಲ್ಲೂ ಎಡಗಡೆಯ ಮೂಲೆಯಲ್ಲಿ ಪಾಲಿಶ್ ಹೋಗಿದೆ. ಅದು ದಿನಾ ಒರೆಸುವುದರಿಂದ.

ಪ್ರಾರ್ಥನೆ ಮುಗಿದ ಮೇಲೆ ಗಡಿಯಾರದವರು ಎಲ್ಲರ ಮುಂದೆ ಕೇಳಿದರು. “ನಿಮ್ಮನೇಲಿ ಯಾವುದೋ ವಿಗ್ರಹ ಬಂದಿದೆ ಅಂತ ಯಾರೋ ಹೇಳಿದ್ರು. ಹೌದಾ?”

“ಅಯ್ಯೋ, ಎಲ್ಲಾದ್ರೂ ಉಂಟೇ! ಉಪದೇಶಿಗಳ ಮನೇಲಿ ಅಂಥದ್ದೇನಿರುತ್ತೆ?” ಅಂದೆ.

ಬಾಗಿಲಲ್ಲಿ ಬೀಗಿತಿ ಒದ್ದೆ ಕೂದಲಿಗೆ ಟವಲು ಕಟ್ಟಿಕೊಂಡು ನಿಂತಿದ್ದರು. ಬರಿದಾದ ಕಿಟಕಿಯನ್ನು ನೋಡಿಯೇ ಬಂದಿದ್ದರು. ಬಂದವರಿಗೆಲ್ಲ ಚಹಾ ಕೊಟ್ಟರು. ಎಲ್ಲರೂ ಹೋದ ಮೇಲೆ ನಾನು ಗಂಟು ತಂದುಕೊಟ್ಟಾಗ, “ಹೇಳಿದ್ರೆ ನಾನೇ ಎತ್ತಿಡ್ತಿದ್ದೆ ಅಕ್ಕಾ,” ಅಂದರು, ಅಷ್ಟೇ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ಸೆಪ್ಟೆಂಬರ್ ೧೩, ಶುಕ್ರವಾರ

ನೂರ ಐವತ್ತೆಂಟು. ಒದೆತ ಎಂಟೇ.

ಬೆಳಿಗ್ಗೆ ಪ್ರಾರ್ಥನೆಗೆ ಮೊಣಕಾಲೂರಿದೆ. “ಕರ್ತನೇ” ಅಂದೆ. ಮುಂದಕ್ಕೆ ಹೋಗಲಾಗಲಿಲ್ಲ. ನಿನ್ನೆ ಅದೇ ಬಾಯಿಂದ ತಾನೆ ಸುಳ್ಳು ಹೇಳಿದ್ದು.

ಸೆಪ್ಟೆಂಬರ್ ೧೪, ಶನಿವಾರ. ಆಸ್ಪತ್ರೆ

ಬೆಳಿಗ್ಗೆ ಒದೆತ ಮೂರು. ಮಗಳು ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ ಅಂದಳು. ಅಳಿಯನಿಗೆ ಫೋನ್ ಮಾಡಿ ಕಾಯುತ್ತಿದ್ದೆವು. ಚೀಲಕ್ಕೆ ಬಟ್ಟೆ ತುಂಬುತ್ತಿದ್ದವಳು ಕಿಟಕಿಯ ಕಡೆ ನೋಡಿ ದಂಗಾದೆ. ಬೀಗಿತಿ ಮೂಗುಮುರುಕನ ಹೆಗಲು ಹಿಡಿದು ಗೋಡೆಯ ಕಡೆಗೆ ತಿರುಗಿಸುತ್ತಿದ್ದಾರೆ!

“ಏಳು ದಿನದಿಂದ ಹೇಳ್ತಾ ಇದ್ದೀನಿ ನಿಂಗೆ. ಕಿವಿ ಎಲ್ಲಿಟ್ಕೊಂಡಿದ್ದೀಯ? ಮಗು ನೆಟ್ಟಗೆ ಕೈಗೆ ಬರೋವರೆಗೂ ಹೀಗೇ ನಿಂತಿರು. ನಿನ್ನ ಮುಖ ನೋಡಲ್ಲ ನಾನು.”

“ಇದೇನ್ರೀ ಇದು, ಸಂತನಿಗೇ ಶಿಕ್ಷೆ? ಇಷ್ಟು ದಿನ ದೀಪ ಹಚ್ಚಿದ್ರಿ!” ಅಂದೆ.

“ಮನೆಯವರ ಮೇಲೆ ತಾನೆ ಅಕ್ಕಾ ಕೋಪ ಮಾಡ್ಕೊಳ್ಳೋದು? ಬೀದೀಲಿ ಹೋಗೋರ ಮೇಲೆ ಮಾಡ್ಕೊಳ್ಳಕ್ಕಾಗುತ್ತಾ?”

ಎಂಥ ಅಜ್ಞಾನ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಇದನ್ನು ನಮ್ಮ ಯಜಮಾನರಿಗೆ ಹೇಳಿದರೆ ಬಿದ್ದು ಬಿದ್ದು ನಗುತ್ತಾರೆ ಅನ್ನಿಸಿತು.

ಈಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಬೀಗಿತಿ, ಅವರ ಪಕ್ಕದಲ್ಲಿ ಅಳಿಯ. ಅವನು ಲಿಫ್ಟಿನ ಬಾಗಿಲು ಮುಚ್ಚುವ ಸದ್ದನ್ನೇ ಕೇಳುತ್ತಾ, “ಬೇರಿಂಗ್ ಹೋಗಿದೆ, ಬೇರಿಂಗ್ ಹೋಗಿದೆ,” ಎಂದು ಅದನ್ನೇ ಹೇಳುತ್ತಿದ್ದಾನೆ. ಪಾಪ. ಡಾಕ್ಟರಮ್ಮ ನಾಳೆ ಬೆಳಿಗ್ಗೆಯವರೆಗೆ ನೋಡೋಣ ಅಂದಿದ್ದಾರೆ. ನನಗೆ ಒಂದೇ ಯೋಚನೆ. ಇದು ವಿಗ್ರಹವನ್ನು ಒಳಗೆ ಬಿಟ್ಟುಕೊಂಡಿದ್ದಕ್ಕೋ, ಅದನ್ನು ಬಚ್ಚಿಟ್ಟು ಸುಳ್ಳು ಹೇಳಿದ್ದಕ್ಕೋ? ಮಾಡಿದವಳು ನಾನು. ಮಗುವೇನು ಮಾಡಿದೆ?

ಸೆಪ್ಟೆಂಬರ್ ೧೫, ಭಾನುವಾರ

ಆಪರೇಶನ್ ಆಯಿತು. ಹೆಣ್ಣು. ಒಂದು ಕಿಲೋ ನಾನೂರು ಗ್ರಾಂ. ಮಗಳು ಅಪಾಯದಿಂದ ಪಾರು. ಮಗು ಗಾಜಿನ ಪೆಟ್ಟಿಗೆಯಲ್ಲಿದೆ, ಮೂಗಿಗೆ ನಳಿಗೆ. ಉಸಿರಾಡಲು ಶಕ್ತಿ ಸಾಲದಂತೆ.

ಸೆಪ್ಟೆಂಬರ್ ೧೬, ಸೋಮವಾರ

ಮಗಳಿಗೆ ಬಟ್ಟೆ ತೆಗೆದುಕೊಂಡು ಹೋಗಲು ಒಬ್ಬಳೇ ಮನೆಗೆ ಬಂದೆ. ಮನೆ ಭಣಗುಟ್ಟುತ್ತಿದೆ.

ಮಗುವನ್ನು ನೋಡಿದೆ. ಅಂಗೈಯಲ್ಲಿ ಹಿಡಿಯುವಷ್ಟು ಇದೆ. ಎದೆ ಗುಳಿ ಬೀಳುತ್ತದೆ, ಏಳುತ್ತದೆ. ಒಂದೊಂದು ಸಲ ಏಳುವುದೇ ಇಲ್ಲ. ಆಗ ಯಂತ್ರ ಕೂಗುತ್ತದೆ, ನರ್ಸ್ ಬಂದು ಅಂಗಾಲನ್ನು ಬೆರಳಿನಿಂದ ತಟ್ಟುತ್ತಾಳೆ, ಮತ್ತೆ ಏಳುತ್ತದೆ. ನಾನು ನೋಡುತ್ತಿದ್ದಾಗಲೇ ಎರಡು ಸಲ ಹೀಗಾಯಿತು. ಮೂರನೆಯ ಸಲಕ್ಕೆ ನಿಂತು ನೋಡುವ ಧೈರ್ಯ ಬರಲಿಲ್ಲ, ಹೊರಗೆ ಓಡಿಬಂದೆ.

ಇಲ್ಲಿ ಬಂದು ಮತ್ತೆ ಮೊಣಕಾಲೂರಿದೆ. ಆಗುತ್ತಿಲ್ಲ. ಆ ಸುಳ್ಳು ನಡುವೆ ಬಂದು ನಿಲ್ಲುತ್ತದೆ. ಕ್ಷಮಿಸು ಎಂದು ಕೇಳುವುದಕ್ಕೂ ಮುಖವಿಲ್ಲ, ಮಗುವನ್ನು ಉಳಿಸು ಎಂದು ಎಲ್ಲಿಂದ ಕೇಳಲಿ?

ಎದ್ದು ಕೆಲಸದ ಕೋಣೆಗೆ ಹೋದೆ. ಒರೆಸುವ ಬಟ್ಟೆ ಕೈಗೆತ್ತಿಕೊಂಡೆ. ಫೋಟೋದಲ್ಲಿ ನೀವು ಎಂದಿನ ಹಾಗೆ ತುಟಿ ಬಿಗಿದುಕೊಂಡು ನೋಡುತ್ತಿದ್ದಿರಿ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೂರು ವರ್ಷದಿಂದ ಗ್ಯಾಸು, ಹಾಲು, ಮಗಳ ಊಟ, ಎಲ್ಲದರ ವರದಿ ನಿಮಗೆ ಒಪ್ಪಿಸುತ್ತಾ ಬಂದಿದ್ದೇನೆ. ಒಂದೇ ಒಂದು ಕೆಲಸ ಹೇಳಿದ್ದೇನೆಯೇ? ಕೇಳಿಸುವುದಿಲ್ಲ ಎಂದು ನೀವೇ ಬರೆದಿಟ್ಟಿದ್ದೀರಿ, ಎರಡು ಗೆರೆ ಬೇರೆ ಎಳೆದಿದ್ದೀರಿ, ಗೊತ್ತು ನನಗೆ. ಆದರೂ ಕರ್ತನ ಹತ್ತಿರದಲ್ಲೇ ಇದ್ದೀರಲ್ಲ! ಬೇರೆಯವರ ಮಕ್ಕಳಿಗೆ ಜ್ವರ ಬಂದರೆ ಗಂಟೆಗಟ್ಟಲೆ ಪ್ರಾರ್ಥಿಸುತ್ತಿದ್ದವರು ನೀವು. ಇದು ನಿಮ್ಮ ಮೊಮ್ಮಗಳು ರೀ. ಒಂದು ಮಾತು ಹೇಳಿದರೆ ನಿಮ್ಮ ಗಂಟೇನು ಹೋಗುತ್ತದೆ? ನನ್ನ ಬಾಯಿ ಕೆಟ್ಟಿದೆ, ನಿಮ್ಮದು ಕೆಟ್ಟಿಲ್ಲ.

ಜೋರಾಗಿಯೇ ಹೇಳಿದೆನೋ ಏನೋ. ಅತ್ತೂಬಿಟ್ಟೆ.

ಬಿಸಿಲಿಗೆ ಫೋಟೋದ ಬಣ್ಣ ಹೋಗುತ್ತಿದೆ. ಗೋಡೆಯ ಕಡೆಗೆ ತಿರುಗಿಸಿ ನೇತುಹಾಕಿದೆ. ಬಟ್ಟೆ ತೆಗೆದುಕೊಂಡು ಆಸ್ಪತ್ರೆಗೆ ಹೊರಟೆ.

ಸೆಪ್ಟೆಂಬರ್ ೧೮, ಬುಧವಾರ

ಹಾಗೇ ಇದೆ. ನಿನ್ನೆ ನಾಲ್ಕು ಸಲ ಯಂತ್ರ ಕೂಗಿತು, ಇವತ್ತು ಎರಡು ಸಲ. ತೂಕ ಒಂದು ಕಿಲೋ ಮುನ್ನೂರಕ್ಕೆ ಇಳಿದಿದೆ. ಮೊದಲ ವಾರ ಇಳಿಯುವುದು ಸಹಜ ಎನ್ನುತ್ತಾರೆ. ಅವರಿಗೆ ಎಲ್ಲವೂ ಸಹಜವೇ.

ಪುಸ್ತಕಕ್ಕೆ ರಟ್ಟು ಹಾಕಿ ಪ್ರೆಸ್ಸಿನಲ್ಲಿಟ್ಟೆ. ತಿರುಪು ಬಿಗಿಮಾಡುವಾಗ ಮೇಲೆ ಫೋಟೋದ ಕಡೆ ನೋಡಲಿಲ್ಲ.

ಸೆಪ್ಟೆಂಬರ್ ೧೯, ಗುರುವಾರ

ಗಡಿಯಾರದವರು ಪುಸ್ತಕ ತೆಗೆದುಕೊಂಡು ಹೋಗಲು ಬಂದರು. ಬೀಗಿತಿಯೂ ಮನೆಯಲ್ಲಿದ್ದರು, ಮಗಳಿಗೆ ಊಟ ಕಟ್ಟುತ್ತಿದ್ದರು. ಪುಸ್ತಕ ಚೆನ್ನಾಗಿ ಬಂದಿದೆ. ಬೆನ್ನು ನೆಟ್ಟಗಿದೆ, ಹೊಲಿಗೆ ಗಟ್ಟಿ. ಅವರು ಅದನ್ನು ತಿರುಗಿಸಿ ನೋಡಿ, “ಸಂತರ ಪ್ರಸಂಗಾನೇ ಓದೋಣ ಅಂತಿದ್ದೀವಿ. ಈ ಕಾಲಕ್ಕೆ ಅದೇ ಬೇಕು,” ಅಂದರು.

“ಓದಿ,” ಅಂದೆ. “ಅದಕ್ಕೆ ಮುಂಚೆ ಒಂದು ವಿಷಯ. ಅವತ್ತು ನೀವು ಕೇಳಿದಾಗ ಸುಳ್ಳು ಹೇಳಿದೆ. ವಿಗ್ರಹ ಮನೇಲೇ ಇತ್ತು. ಬಟ್ಟೆ ಸುತ್ತಿ ಈ ಬೀರುವಲ್ಲಿ ಇಟ್ಟಿದ್ದೆ. ಈಗ ಒಳಗೆ ಕಿಟಕಿ ಹತ್ರ ಇದ್ದಾನೆ.”

“ಇದ್ದಾನೆ?” ಅಂದರು ಗಡಿಯಾರದವರು.

“ಬೀಗರ ಮನೆಯವನು. ಬೀಗರ ಜೊತೆ ಬಂದಿದ್ದಾನೆ, ಅವರ ಜೊತೆ ಹೋಗ್ತಾನೆ. ಅಲ್ಲೀವರೆಗೂ ಇರ್ತಾನೆ.”

“ಮತ್ತೆ ಭಾನುವಾರ ಸಭೆಯಲ್ಲಿ ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ಲಿ?”

“ಉಪದೇಶಿಗಳು ಬರೆದದ್ದರಲ್ಲಿ ಒಂದಕ್ಷರ ತಪ್ಪಿಲ್ಲ, ತಪ್ಪಿದ್ದು ಅವರ ಹೆಂಡತಿ ಅಂತ ಹೇಳಿ. ನಾನೇ ಎದ್ದು ನಿಂತು ಹೇಳ್ತೀನಿ ಬೇಕಾದ್ರೆ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಗಡಿಯಾರದವರು ಆಚೀಚೆ ನೋಡಿ, ಕೊನೆಗೆ ಗೋಡೆ ನೋಡಿದರು. “ಇದ್ಯಾಕೆ, ಉಪದೇಶಿಗಳನ್ನ ಹೀಗೆ ತಿರುಗಿಸಿದ್ದೀರಿ?”

“ಬಿಸಿಲು,” ಅಂದೆ.

ಅವರು ಕಿಟಕಿ ನೋಡಿದರು. ಗೋಡೆ ನೋಡಿದರು. ಕೈಗಡಿಯಾರ ನೋಡಿಕೊಂಡು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಟರು.

ಆಮೇಲೆ ಮೊಣಕಾಲೂರಿದೆ. ಒಂದು ವಾರದ ಮೇಲೆ ಬಾಯಿ ಬಿಟ್ಟಿತು. ಅತ್ತು ಅತ್ತು ಸಾಕಾಯಿತು.

ಸೆಪ್ಟೆಂಬರ್ ೨೧, ಶನಿವಾರ

ನಳಿಗೆ ತೆಗೆದರು! ಬೆಳಿಗ್ಗೆ ಒಂಬತ್ತಕ್ಕೆ ತೆಗೆದರು, ಮಧ್ಯಾಹ್ನದವರೆಗೆ ಯಂತ್ರ ಒಮ್ಮೆಯೂ ಕೂಗಲಿಲ್ಲ. ಬಟ್ಟಲಿನ ಹಾಲು ನಾಲ್ಕು ಹನಿ ನಾಲಿಗೆಗೆ ಬಿಟ್ಟರೆ ಚಪ್ಪರಿಸಿತು. ಇನ್ನು ಉಸಿರಿನ ಚಿಂತೆಯಿಲ್ಲ, ತೂಕ ಏರಬೇಕು, ಅಷ್ಟೇ ಎಂದು ಡಾಕ್ಟರಮ್ಮ ಹೇಳಿದರು. ಅಳಿಯ ಆಸ್ಪತ್ರೆಯ ಲಿಫ್ಟಿನವರನ್ನು ಹುಡುಕಿಕೊಂಡು ಹೋಗಿ, ಕೇಳದಿದ್ದರೂ ಬೇರಿಂಗ್ ಬದಲಾಯಿಸಿಕೊಟ್ಟು ಬಂದ. ಮಗಳು ಆರು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದಳು.

ಸಂಜೆಗೆ ಮುಂಚೆ ನಾನು, ಬೀಗಿತಿ ಮನೆಗೆ ಬಂದೆವು. ಅವರು ಚಪ್ಪಲಿ ಬಿಟ್ಟವರೇ ನೆಟ್ಟಗೆ ಕಿಟಕಿಯ ಹತ್ತಿರ ಹೋಗಿ ಮೂಗುಮುರುಕನನ್ನು ಈಚೆ ತಿರುಗಿಸಿದರು. “ಬೈಸಿಕೊಂಡ ಮೇಲೆ ಬುದ್ಧಿ ಬಂತೇನೋ ನಿಂಗೆ?” ಅಂದರು. ಅವನ ಸವೆದ ಪಾದ ಮುಟ್ಟಿ, ಬೆರಳನ್ನು ತುಟಿಗೆ ಒತ್ತಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ನೋಡಿಯೂ ನೋಡದವಳ ಹಾಗೆ ಕೆಲಸದ ಕೋಣೆಗೆ ಬಂದು ಸುಮ್ಮನೆ ರಟ್ಟು ಜೋಡಿಸತೊಡಗಿದೆ.

ಅವರೂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು.

“ಅಕ್ಕಾ, ಈ ಕೋಣೆಗೆ ಬಿಸಿಲೇ ಬರಲ್ವಲ್ಲ.”

ನಾನು ಇನ್ನೊಂದು ರಟ್ಟು ಎತ್ತಿಕೊಂಡೆ.

“ತಿರುಗಿಸಿ ಇನ್ನ. ಐದು ದಿನ ಆಯ್ತು, ಪಾಪ,” ಎಂದು ಹೇಳಿ ಚಹಾಕ್ಕೆ ನೀರಿಡಲು ಹೋದರು.

ಫೋಟೋ ತಿರುಗಿಸಿದೆ. ಗಾಜಿನ ಮೇಲೆ ಸುಣ್ಣದ ಪುಡಿ ಅಂಟಿತ್ತು, ಒರೆಸಿದೆ. ನೀವು ಹಾಗೇ ಇದ್ದಿರಿ, ಸ್ವಲ್ಪವೂ ಕೋಪವಿಲ್ಲ. ಮೂಗು ನಿಮ್ಮದೇ ಬಂದಿದೆ ಮಗುವಿಗೆ, ದಪ್ಪ.

ನಾಳೆ ನಿಮ್ಮ ಪ್ರಸಂಗ ಓದುತ್ತಾರೆ. ಮುಂದಿನ ಸಾಲಿನಲ್ಲೇ ಕೂರುತ್ತೇನೆ, ಯಾರು ಹೇಗೆ ನೋಡಿದರೂ ಸರಿ. ಸತ್ತವರ ಹತ್ತಿರ ಬೇಡಿಕೊಳ್ಳುವುದು ತಪ್ಪೇ ರೀ, ಅದರಲ್ಲಿ ನನ್ನ ಮಾತು ಬದಲಾಗಿಲ್ಲ. ಮಗುವಿನ ತೂಕ ಇನ್ನೂ ಒಂದು ಕಿಲೋ ಮುನ್ನೂರ ಐವತ್ತೇ ಇದೆ. ಅದೊಂದು ನೀವೇ ನೋಡಿಕೊಳ್ಳಿ.